ಮೂರನೇ ರೈಡಿಗೆ ಯಾರು ಹೋಗ್ತಾರೆ?

ಚಿಕ್ಕೇರೂರಿನಿಂದ ಮಾತಾಡ್ತಿದ್ದೀನಿ. ಮುಂದಿನ ವಾರ ನಮ್ಮ ಕಾಲೇಜು ಹುಡುಗರಿಗೆ ಅಂತರ ಕಾಲೇಜು ಕಬಡ್ಡಿಯ ನಾಕೌಟ್. ನಾಲ್ವರಿಗೆ ಇದೇ ಕೊನೇ ವರ್ಷ. ಎರಡು ಸಂಜೆ ಪ್ರಾಕ್ಟೀಸ್ ನೋಡಿ ಬಂದೆ.

ಡಿಫೆನ್ಸ್ ಗಟ್ಟಿ ಐತಿ. ಎಡ ಕಾರ್ನರ್ ಹುಡುಗ ಪಾದ ಹಿಡಿದ ಅಂದ್ರೆ ಬಿಡೋ ಮಾತೇ ಇಲ್ಲ. ಅಂಕಣದಲ್ಲಿ ಮೂವರೇ ಉಳಿದ್ರೂ ಹೆದರಲ್ಲ. ಆಗ ಹಿಡಿದ್ರೆ ಸೂಪರ್ ಟ್ಯಾಕಲ್, 2 ಪಾಯಿಂಟ್.

ಚಿಂತೆ ರೈಡಿಂಗ್‌ದು. ಬಿ.ಕಾಂ ಓದಿದವನ ಭಾಷೆಯಲ್ಲಿ ಹೇಳ್ಬೇಕಂದ್ರೆ, ಪೂರ್ತಿ ಜಮಾ ಒಬ್ಬನ ಖಾತೆಯಲ್ಲೇ ಇದೆ. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್‌ನ 38 ಪಾಯಿಂಟ್‌ಗಳಲ್ಲಿ 22 ಪವನ್ ಸೆಹ್ರಾವತ್ ಒಬ್ಬರದೇ, ಕಪ್ಪೂ ಬಂತಲ್ಲ ಅಂತೀರಿ. ಖರೆ. ಆದ್ರೆ ನಮ್ಮವನು ಔಟಾಗಿ ಹೊರಗೆ ಕೂತಾಗ, ಎರಡು ರೈಡ್ ಖಾಲಿ ಹೋಗಿ ಮೂರನೇದು ಡೂ ಆರ್ ಡೈ ಬಂದ್ರೆ? ಉಳಿದವರು ಒಬ್ಬರ ಮುಖ ಒಬ್ಬರು ನೋಡ್ತಾರೆ. ಅದರ ಮೇಲೆ, ಇವರು ಕಲಿತದ್ದು ಮಣ್ಣಲ್ಲಿ, ಆಡೋದು ಮ್ಯಾಟ್ ಮೇಲೆ. ಶೂ ಹಾಕ್ಕೊಂಡು ತಿರುಗೋ ಲಯವೇ ಬೇರೆ.

ಮೊನ್ನೆ ಒಬ್ಬ ಫಸ್ಟ್ ಇಯರ್ ಹುಡುಗ ಯಾರೂ ಹೇಳದೆ ತಾನೇ ಆ ಮೂರನೇ ರೈಡಿಗೆ ಹೋದ. ಸಿಕ್ಕಿಬಿದ್ದ, ಆದ್ರೆ ಬೋನಸ್ ತಗೊಂಡೇ ಬಿದ್ದ. ನಾನಾದ್ರೆ ಅವನನ್ನೇ ಎರಡನೇ ರೈಡರ್ ಮಾಡ್ತೀನಿ. ನೀವು?