ಗಂಡಿಪೇಟೆಯ ನೀರಿನ ಋಣ



ಪ್ರತಿ ಸೆಪ್ಟೆಂಬರ್ 15ರಂದು ನಾವು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಕನ್ನಂಬಾಡಿಯನ್ನು ಕೊಂಡಾಡಿ ಮನೆಗೆ ಹೋಗುತ್ತೇವೆ. ಅವರ ಚಿಂತನೆ ಇದೇ ಊರಿನ ಮಗ್ಗುಲಲ್ಲಿ ನೀರಾಗಿ ನಿಂತಿರುವುದನ್ನು ನೆನೆಯುವವರು ಕಡಿಮೆ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸುಮಾರು 15,000 ಜನರನ್ನು ಬಲಿತೆಗೆದುಕೊಂಡಿತು. ಅಫ್ಜಲ್‌ಗಂಜಿನ ಹುಣಸೆಮರವೊಂದನ್ನು ಏರಿ ಸುಮಾರು 150 ಮಂದಿ ಬದುಕಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರ ಇಂದಿಗೂ ಇದೆ. ಮರುವರ್ಷ ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಮೇಲ್ಭಾಗದ ಸಣ್ಣ ಕೆರೆಗಳು ಒಂದರ ಹಿಂದೊಂದು ಒಡೆದು ಪ್ರವಾಹವನ್ನು ಹೆಚ್ಚಿಸಿದ್ದವು. ನಗರದೊಳಗೆ ಗೋಡೆ ಕಟ್ಟಿದರೆ ಸಾಲದು, ಮೇಲೆಯೇ ನೀರನ್ನು ತಡೆಯಬೇಕು ಎಂಬುದು ಅವರ ಸಲಹೆಯ ತಿರುಳು. 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಈಸಿಗೆ ಹಿಮಾಯತ್ ಸಾಗರ ಸಿದ್ಧವಾದವು. ಕಟ್ಟಿದವರು ನಿಜಾಮರ ಎಂಜಿನಿಯರುಗಳು, ಹೆಸರುಳಿಯದ ಕೂಲಿಗಳು. ಕೀರ್ತಿಯನ್ನೆಲ್ಲ ನಾವೇ ಹೊತ್ತು ತರುವುದು ಬೇಡ.

ಉಸ್ಮಾನ್ ಸಾಗರವೆಂಬ ರಾಜನಾಮ ಕಾಗದದಲ್ಲಿ ಉಳಿಯಿತು. ಜನ ಕರೆದದ್ದು ದಡದ ಹಳ್ಳಿಯಾದ ಗಂಡಿಪೇಟೆಯ ಹೆಸರಿನಿಂದ. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದು ಬಿಡಲಾರ ಎನ್ನುವರು. ನಮ್ಮ ಹಿರಿಯರು ಬಂದು ಇಲ್ಲೇ ನಿಂತದ್ದಕ್ಕೆ ನೌಕರಿಯೇ ಕಾರಣವಿರಬಹುದು, ಆದರೂ ಈ ಮಾತು ನನಗೆ ಪ್ರಿಯ.

ಇಂಥ ಜಲಾಶಯಕ್ಕೆ ಎರಡು ಧರ್ಮಗಳು. ಕುಡಿಯುವ ನೀರಿಗೆ ಅದು ತುಂಬಿರಬೇಕು. ನೆರೆ ತಡೆಯಲು ಒಡಲಲ್ಲಿ ಸ್ಥಳ ಬಿಟ್ಟಿರಬೇಕು. ಸುತ್ತಲ ನೆಲ ಮಳೆಯನ್ನು ಹೀರಿ ನಿಧಾನವಾಗಿ ಬಿಟ್ಟುಕೊಟ್ಟರೆ ಎರಡೂ ನಡೆಯುತ್ತವೆ. ನೆಲಕ್ಕೆ ಕಾಂಕ್ರೀಟು ಹೊದಿಸಿದರೆ ನೀರು ಒಮ್ಮೆಲೇ ನುಗ್ಗುತ್ತದೆ, ಜೊತೆಗೆ ಚರಂಡಿಯನ್ನೂ ತರುತ್ತದೆ. ಆದ್ದರಿಂದಲೇ 1996ರ ಆಜ್ಞೆ 111, ಹತ್ತು ಕಿಲೋಮೀಟರು ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಮಿತಿ ಹಾಕಿತು. 2022ರಲ್ಲಿ ಸರ್ಕಾರ ಆ ನಿರ್ಬಂಧವನ್ನು ಸಡಿಲಿಸಿತು. ನಗರಕ್ಕೆ ಈಗ ಮಂಜೀರ, ಕೃಷ್ಣಾ, ಗೋದಾವರಿಗಳ ನೀರಿದೆ ಎಂಬುದು ವಾದ. ನೆರೆ ಬಂದಾಗ ಆ ನದಿಗಳು ಮೂಸಿಯನ್ನು ತಡೆಯುವವೇ? ಆದರೆ ಹಳ್ಳಿಯ ರೈತನ ನೋವೂ ಸುಳ್ಳಲ್ಲ: ನಗರದ ರಕ್ಷಣೆಗಾಗಿ ಅವನ ಹೊಲದ ಬೆಲೆ ಕಟ್ಟಿಹೋಯಿತು, ಪರಿಹಾರದ ಮಾತನ್ನು ನಾವು ಆಡಲಿಲ್ಲ.

ಒಂದು ಸಂಗತಿ ಹೇಳಿಬಿಡುತ್ತೇನೆ. ನಾನೂ ಆ ಕಡೆ ನಿವೇಶನ ನೋಡಲು ಹೋಗಿದ್ದೆ. ಕೆರೆ ಕಾಣುತ್ತದೆಂದು ದಲ್ಲಾಳಿ ಹಿಗ್ಗಿನಿಂದ ತೋರಿಸಿದ. ಮೋರಿಯ ನೀರು ಎತ್ತ ಹೋಗುತ್ತದೆ ಎಂದು ಕೇಳಿದೆ. ಅವನು ಅದೇ ಕೈಯಿಂದ ಅದೇ ಕೆರೆಯನ್ನು ತೋರಿಸಿದ. ಮುಂಗಡದ ಹಣ ಜೇಬಿನಲ್ಲೇ ಇತ್ತು. ಹಾಗೆಯೇ ಮನೆಗೆ ತಂದೆ.