ಬೆಳಗಿನದು ಲೆಕ್ಕಕ್ಕಿಲ್ಲ

ನಮ್ಮ ಆಂಧ್ರದ ಗಡಿಯಲ್ಲಿ ಕುಡಿತದ ಮಾತು ಬಂದರೆ ಮೊದಲು ರೇಟಿನ ಲೆಕ್ಕ ಶುರುವಾಗುತ್ತದೆ. ಮುಖ್ಯಮಂತ್ರಿ ಎನ್.ಟಿ. ರಾಮರಾವ್ 1995ರ ಜನವರಿಯಲ್ಲಿ ಪೂರ್ತಿ ಪಾನನಿಷೇಧ ತಂದರು, 1997ರಲ್ಲಿ ಅದು ಹೋಯಿತು. 2020ರಲ್ಲಿ ಇಲ್ಲಿ ಬೆಲೆ ಒಮ್ಮೆಲೇ ಏರಿದಾಗ ಕರ್ನಾಟಕದ 90 ಎಂಎಲ್ ಪ್ಯಾಕೆಟ್ಟುಗಳು ಈ ಕಡೆ ಬಂದವು. 2024ರ ಅಕ್ಟೋಬರಿನಲ್ಲಿ ಇಲ್ಲೇ 99 ರೂಪಾಯಿಗೆ ಕ್ವಾರ್ಟರ್ ಬಂತು. ರಾಯದುರ್ಗಕ್ಕೆ ಕರ್ನಾಟಕದ ಮೊಳಕಾಲ್ಮೂರು, ಮಡಕಶಿರಾಕ್ಕೆ ಪಾವಗಡ, ಶಿರಾ ಪಕ್ಕದಲ್ಲೇ ಇವೆ. ಎಣ್ಣೆಗೆ ಬರ ಬಂದದ್ದನ್ನು ನಾನಂತೂ ನೋಡಿಲ್ಲ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಬ್ಬನನ್ನು ಹತ್ತಿರದಿಂದ ಬಲ್ಲೆ. ಬೀದಿಯಲ್ಲಿ ಬಿದ್ದವನಲ್ಲ, ಹೆಂಡತಿ ಮೇಲೆ ಕೈಯೆತ್ತಿದವನಲ್ಲ. "ದಿನಕ್ಕೆ ಎರಡೇ ನೈಂಟಿ ಸಾರ್, ಇದಕ್ಕೆ ಕುಡುಕ ಅಂತಾರಾ?" ಎನ್ನುತ್ತಿದ್ದ. ಆ ಎರಡರಲ್ಲೇ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ, ಅದಿರಲಿ. ನನ್ನ ಕಣ್ಣು ಹೋದದ್ದು ಅವನ ಬೆಳಗಿನ ಕೈ ಮೇಲೆ. ಟೀ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಕಣ್ಣು ಮಂಜು ಎಂದು ಹೇಳಿ ಮಿಷನ್ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತಿದ್ದ. ಹಿತ್ತಲಿಗೆ ಹೋಗಿ ಬಂದ ಮೇಲೆ ತಾನೇ ಪೋಣಿಸುತ್ತಿದ್ದ.

ಕುಡಿತ ಚಟವಾಗಿದೆಯೇ ಎಂದು ತಿಳಿಯಲು ಅಮೆರಿಕದ ವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಅನ್ನಿಸಿದೆಯೇ? ಯಾರಾದರೂ ಆಡಿಕೊಂಡಾಗ ಸಿಟ್ಟು ಬಂದಿದೆಯೇ? ತಪ್ಪು ಮಾಡುತ್ತಿದ್ದೇನೆಂದು ಮನಸ್ಸು ಚುಚ್ಚಿದೆಯೇ? ಬೆಳಗ್ಗೆ ಎದ್ದ ಕೂಡಲೇ ಕುಡಿದದ್ದಿದೆಯೇ? ಎರಡಕ್ಕೆ ಹೌದು ಎಂದರೆ ವೈದ್ಯರಿಗೆ ತೋರಿಸಬೇಕು. ಎಷ್ಟು ಕುಡಿಯುತ್ತೀ ಎಂಬ ಪ್ರಶ್ನೆ ಆ ನಾಲ್ಕರಲ್ಲಿ ಇಲ್ಲವೇ ಇಲ್ಲ, ನೋಡಿ. ನಾವು ಮನೆಯಲ್ಲಿ ಕೇಳುವುದು ಅದೊಂದನ್ನೇ.

ರಾಯದುರ್ಗದ ಆ ಗೆಳೆಯನ ಹೆಂಡತಿ ಒಂದು ದಿನ ಪ್ಯಾಕೆಟ್ಟುಗಳನ್ನೆಲ್ಲ ಮೋರಿಗೆ ಸುರಿದು ಆಣೆ ಹಾಕಿಸಿದರು. ಮೂರನೆಯ ರಾತ್ರಿ ಅವನು ಮಂಚದ ಮೇಲೆ ಕೂತು ಇಲ್ಲದ ಮಿಷನ್ ತುಳಿಯತೊಡಗಿದ. ಇಲ್ಲದ ಸೂಜಿಗೆ ದಾರ ಪೋಣಿಸುತ್ತ, ನಡುನಡುವೆ ಮೈಮೇಲಿನ ಹುಳ ಕೊಡವುತ್ತ. ಗಾಳಿ ಮೆಟ್ಟಿದೆಯೆಂದು ಮನೆಯವರು ತಾಯಿತ ಕಟ್ಟಿಸಿದರು. ದಿನವೂ ಕುಡಿದು ಪಳಗಿದ ಮಿದುಳಿಗೆ ಮದ್ಯ ತಟ್ಟನೆ ನಿಂತರೆ ಎರಡು ಮೂರು ದಿನದಲ್ಲಿ ಹೀಗಾಗುವುದುಂಟು. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಇಂಥವರನ್ನು ವೈದ್ಯರ ಕಣ್ಣೆದುರೇ ಬಿಡಿಸಬೇಕು, ಮಾತ್ರೆ ಮತ್ತು ಬಿ-1 ವಿಟಮಿನ್ ಕೊಟ್ಟು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಅವನನ್ನೂ ಕೊನೆಗೆ ಆಸ್ಪತ್ರೆಗೆ ಸೇರಿಸಿದರು. ಎಂಟನೆಯ ದಿನ ನೋಡಲು ಹೋದಾಗ ಅಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಒಬ್ಬನೇ. "ಎರಡು ಅಂದಿದ್ದೆನಲ್ಲ ಸಾರ್," ಅಂದ. "ಬೆಳಗಿನದು ಸೇರಿಸಿದರೆ ಐದು."