ಪರದೆ ಖಾಲಿ ಅಂದ ಮಾತ್ರಕ್ಕೆ ಮೀಟರ್ ಸತ್ತಿಲ್ಲ

ನಾನು ಓದಿದ್ದು ಬಿ.ಕಾಂ., ಎಲೆಕ್ಟ್ರಾನಿಕ್ಸ್ ಅಲ್ಲ. ಆದ್ರೆ ಈ ಪಾಡ್‌ಕಾಸ್ಟ್‌ನ ಮಿಕ್ಸರ್, ಹೆಡ್‌ಫೋನು ಇವತ್ತಿಗೂ ಬದುಕಿರೋದು ತುಮಕೂರಿನ ನಮ್ಮ ಸೋದರಮಾವನ ಕೈಗುಣದಿಂದ. ಆಂಪ್ಲಿಫೈಯರ್ ರಿಪೇರಿ ಅವರ ಕಸುಬು. ಅವರ ಹತ್ರ ಎಚ್‌ಪಿ 3478ಎ ಅನ್ನೋ ಹಳೇ ಮಲ್ಟಿಮೀಟರ್ ಇದೆ. ಕೈಯಲ್ಲಿ ಹಿಡಿಯೋ ಮೀಟರ್ ಅಲ್ಲ, ಟೇಬಲ್ ಮೇಲೆ ಕೂರೋ ಪೆಟ್ಟಿಗೆ. 1980ರ ದಶಕದ ಮಾದರಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಹೋದ ತಿಂಗಳು ಅದರ ಪರದೆ ಖಾಲಿಯಾಯ್ತು. ಸ್ವಿಚ್ ಹಾಕಿದ್ರೆ ಒಂದು ಗೆರೆಯೂ ಇಲ್ಲ.

ಇಂಥ ಸಮಯದಲ್ಲಿ ಬಹಳ ಜನ ಏನ್ ಮಾಡ್ತಾರೆ ಗೊತ್ತಾ? ಮುಚ್ಚಳ ತೆಗೀತಾರೆ, ಬೋರ್ಡಿಗೆ ಬೆಸುಗೆ ಹಾಕಿರೋ ಬ್ಯಾಟರಿ ಕಣ್ಣಿಗೆ ಬೀಳುತ್ತೆ, "ಓಹೋ, ಸೆಲ್ ಹೋಗಿದೆ" ಅಂತ ಅದನ್ನ ಕಿತ್ತೇ ಬಿಡ್ತಾರೆ. ಇವತ್ತಿನ ಕಂತಿನಲ್ಲಿ ಬೇರೆಲ್ಲಾ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ: ಆ ಬ್ಯಾಟರಿ ಮುಟ್ಟಬೇಡಿ.

ಈ ಮೀಟರ್ ಓಡೋದು ಮೇನ್ಸ್ ಕರೆಂಟಿನಲ್ಲಿ. ಆ 3 ವೋಲ್ಟಿನ ಲಿಥಿಯಂ ಬ್ಯಾಟರಿಗೆ ಇರೋದು ಬೇರೆ ಕೆಲಸ, ಒಂದು ಪುಟ್ಟ ಮೆಮೊರಿ ಚಿಪ್ಪನ್ನ ಕಾಯೋದು. ಅದಕ್ಕಿಂತ ಹಳೇ ಮೀಟರುಗಳಲ್ಲಿ ಅಳತೆ ಸರಿಪಡಿಸೋಕೆ ಸ್ಕ್ರೂಡ್ರೈವರಿನಿಂದ ತಿರುಗಿಸೋ ಪ್ರೀಸೆಟ್‌ಗಳು ಇರ್ತಿದ್ವು. ಇದರಲ್ಲಿ ಆ ತಿದ್ದುಪಡಿ ಎಲ್ಲಾ ಸಂಖ್ಯೆಗಳಾಗಿ ಆ ಚಿಪ್ಪಿನಲ್ಲಿ ಕೂತಿದೆ. ಮೀಟರ್ ಆಫ್ ಇದ್ದಾಗ ಬ್ಯಾಟರಿ ಕಿತ್ತರೆ ಕ್ಯಾಲಿಬ್ರೇಷನ್ ಪೂರ್ತಿ ಅಳಿಸಿಹೋಗುತ್ತೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳ್ಬೇಕು ಅಂದ್ರೆ, ಲೆಡ್ಜರಿನ ಓಪನಿಂಗ್ ಬ್ಯಾಲೆನ್ಸ್ ಹರಿದು ಬಿಸಾಕಿದ ಹಾಗೆ. ಆಮೇಲೆ ನಿಖರ ಉಪಕರಣಗಳಿರೋ ಲ್ಯಾಬಿಗೆ ಕಳಿಸಿ ಮತ್ತೆ ಮಾಡಿಸ್ಬೇಕು. ಸೆಕೆಂಡ್ ಹ್ಯಾಂಡ್ ಮೀಟರಿಗೆ ಅಷ್ಟು ದುಡ್ಡು ಯಾರು ಹಾಕ್ತಾರೆ? ಗುಜರಿಗೆ ಹೋಗುತ್ತೆ ಅಷ್ಟೇ.

ಹಾಗಾದ್ರೆ ಏನು ನೋಡೋದು? ಮಾವ ಮೊದಲು ಮಾಡಿದ್ದು ಕಿವಿ ಕೊಟ್ಟು ಕೇಳೋದು. ಪರದೆ ಕಾಣದಿದ್ರೂ ಬಟನ್ ಒತ್ತಿದಾಗ ಒಳಗಡೆ ರಿಲೇ ಟಕ್ ಅಂದ್ರೆ ಮೀಟರಿನ ಮಿದುಳು ಕೆಲಸ ಮಾಡ್ತಿದೆ ಅಂತ ಅರ್ಥ. ಆಗ ಅನುಮಾನ ಪಡಬೇಕಾಗಿದ್ದು ಪರದೆಯ ಭಾಗವನ್ನ, ಅದಕ್ಕೆ ಹೋಗೋ ಪಟ್ಟಿ ಕೇಬಲನ್ನ. ಎಷ್ಟೋ ಸಲ ಕನೆಕ್ಟರ್ ಕಿತ್ತು, ಒರೆಸಿ, ಮತ್ತೆ ಹಾಕಿದ್ರೆ ಸಾಕು. ಇನ್ನೊಂದು ಮಾತು, ಇದು ಎಲ್‌ಸಿಡಿ, ಹಿಂದೆ ಬೆಳಕಿಲ್ಲ. ಕತ್ತಲೆ ಮೂಲೆಯಲ್ಲಿಟ್ಟು "ಹೊಳೀತಿಲ್ಲ" ಅನ್ನೋರೂ ಇದ್ದಾರೆ!

ನಮ್ಮದರಲ್ಲಿ ಸದ್ದೇ ಇಲ್ಲ. ಫ್ಯೂಸ್ ನೋಡಿದ್ವಿ, ಸರಿ ಇತ್ತು. ಹೊರದೇಶದಿಂದ ಬಂದ ಉಪಕರಣ 120 ವೋಲ್ಟಿಗೆ ಹೊಂದಿಸಿರಬಹುದು, ಕೊಂಡ ದಿನವೇ ಅದನ್ನ ನೋಡ್ಕೊಳ್ಳಿ. ಆಮೇಲೆ ಮುಚ್ಚಳ ತೆಗೆದ್ರು. ಪ್ಲಗ್ ಹಾಕಿದ್ರೆ, ಮುಂದಿನ ಸ್ವಿಚ್ ಆಫ್ ಇದ್ರೂ, ಒಳಗೆ ಮೇನ್ಸ್ ಕರೆಂಟ್ ಇರಬಹುದು. ಅನುಭವ ಇಲ್ಲದವರು ಇಲ್ಲಿಂದ ಮುಂದಕ್ಕೆ ಗೊತ್ತಿರೋರನ್ನ ಜೊತೆಗಿಟ್ಕೊಳ್ಳಿ.

ಕೈ ಮೀಟರಿನಲ್ಲಿ 5 ವೋಲ್ಟಿನ ಲೈನು ಅಳೆದ್ರು. ಈ ಲೈನಿನಿಂದಲೇ ಪ್ರೊಸೆಸರ್ ಓಡಬೇಕು. ಬಂದಿದ್ದು 4 ವೋಲ್ಟಿಗಿಂತ ಕಡಿಮೆ. ಮೀಟರನ್ನ ಎಸಿಗೆ ತಿರುಗಿಸಿದ್ರೆ ಅಲ್ಲೂ ಓದು ಬರ್ತಿದೆ. "ನೋಡೋ, ಶುದ್ಧ ಡಿಸಿ ಇರ್ಬೇಕಾದ ಜಾಗದಲ್ಲಿ ಎಸಿ ನುಗ್ತಾ ಇದೆ. ಫಿಲ್ಟರ್ ಕೆಪಾಸಿಟರ್ ಒಣಗಿದೆ ಕಣೋ" ಅಂದ್ರು ಮಾವ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರುತ್ತೆ, ವರ್ಷಗಟ್ಟಲೆ ಬಿಸಿ ತಾಗಿ ತಾಗಿ ಆರಿಹೋಗುತ್ತೆ. ಅದು ಕಂಪನಿಯ ತಪ್ಪಲ್ಲ, ವಯಸ್ಸು. ವೋಲ್ಟೇಜ್ ಅಷ್ಟು ಕುಸಿದ್ರೆ ಪ್ರೊಸೆಸರ್ ಎಚ್ಚರವೇ ಆಗಲ್ಲ, ಪರದೆಗೆ ಏನು ಬರೀಬೇಕು ಅಂತ ಹೇಳೋರು ಯಾರು?

ಪ್ಲಗ್ ಕಿತ್ತು, ಕೆಪಾಸಿಟರಿನ ಚಾರ್ಜ್ ಇಳಿಸಿ, ಅಷ್ಟೇ ಮೈಕ್ರೋಫ್ಯಾರಡಿನ, 105 ಡಿಗ್ರಿಯ ಹೊಸದು ಹಾಕಿದ್ರು. ಪ್ಲಸ್ ಮೈನಸ್ ಎರಡು ಸಲ ನೋಡಿಕೊಂಡ್ರು. ಖರ್ಚು ಇಬ್ಬರ ಕಾಫಿ-ತಿಂಡಿಯಷ್ಟೂ ಇಲ್ಲ. ಸ್ವಿಚ್ ಹಾಕಿದ್ರೆ ಪರದೆಯ ಗೆರೆಗಳೆಲ್ಲಾ ಒಮ್ಮೆ ಮೂಡಿದ್ವು, ಸೆಲ್ಫ್ ಟೆಸ್ಟ್ ಓಕೆ ಅಂತ ಬಂತು.

ಈಗ ಉಳಿದಿರೋದು ಆ ಬ್ಯಾಟರಿ. ಅದೂ ಶಾಶ್ವತ ಅಲ್ಲ, ಒಂದಿನ ಬದಲಿಸಲೇಬೇಕು. ಆದ್ರೆ ಮೊದಲು ಹಿಂದಿರೋ ಜಿಪಿಐಬಿ ಪೋರ್ಟಿಗೆ ಅಡಾಪ್ಟರ್ ಹಾಕಿ, ಕ್ಯಾಲಿಬ್ರೇಷನ್ ಸಂಖ್ಯೆಗಳನ್ನ ಕಂಪ್ಯೂಟರಿಗೆ ಇಳಿಸ್ಕೊಬೇಕು. ಬದಲಿಸುವಾಗ ಚಿಪ್ಪಿಗೆ ಬೇರೆ ಕಡೆಯಿಂದ 3 ವೋಲ್ಟ್ ಕೊಡ್ತಾನೇ ಇರ್ಬೇಕು. ಅಡಾಪ್ಟರ್ ಇನ್ನೂ ಬಂದಿಲ್ಲ. ಬರೋವರೆಗೂ ಮಾವ ಆ ಬ್ಯಾಟರಿ ಮೇಲೆ ಕೆಂಪು ಟೇಪ್ ಅಂಟಿಸಿ "ಕೀಳಬೇಡ" ಅಂತ ಬರೆದಿಟ್ಟಿದ್ದಾರೆ, ಅಂಗಡಿ ಹುಡುಗನಿಗೋಸ್ಕರ.